ಬಿಡಾರಕ್ಕೊಂದು ಬಯಲು ಬೇಕು

ನಂಜನಗೂಡಿನಿಂದ ತಿರುಮಕೂಡಲು ನರಸೀಪುರಕ್ಕೆ ರಾಷ್ಟ್ರೀಯ ಹೆದ್ದಾರಿ ಹಿಡಿದು ಹೊರಟವರು ಮೊದಲು ಮೈಸೂರಿಗೆ ಬರಬೇಕು. ಕೋಯಿಕ್ಕೋಡಿನಿಂದ ಹೊರಟು, ಬಂಡೀಪುರದ ಕಾಡು ದಾಟಿ, ಗುಂಡ್ಲುಪೇಟೆ, ನಂಜನಗೂಡು ಮುಟ್ಟಿ, ಮೈಸೂರಿನಲ್ಲಿ ಬಲಕ್ಕೆ ಹೊರಳಿ, ನರಸೀಪುರದ ಮೇಲೆ ಕೊಳ್ಳೇಗಾಲಕ್ಕೆ ಹೋಗುವ 766ನೇ ಹೆದ್ದಾರಿಗೆ ಎರಡೂ ಊರು ಸೇರಿವೆ. ಆದರೆ ಒಂದರಿಂದ ಇನ್ನೊಂದಕ್ಕೆ ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ಸುತ್ತು. ಕಪಿಲೆಗೆ, ಅಂದರೆ ಕಬಿನಿ ಹೊಳೆಗೆ, ಆ ಹಂಗಿಲ್ಲ. ಅವಳು ಮೈಸೂರಿನ ಗೊಡವೆಗೆ ಹೋಗದೆ, ನಂಜುಂಡೇಶ್ವರನ ಸೋಪಾನಕಟ್ಟೆ ತೊಳೆದು, ಸುತ್ತೂರಿನ ಮಗ್ಗುಲಲ್ಲಿ ಹಾದು, ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ನಕ್ಷೆಯ ಮೇಲೆ ಗೆರೆ ಎಳೆದರೆ ಇಪ್ಪತ್ತೈದು ಕಿಲೋಮೀಟರ್ ಆಸುಪಾಸು.

ಹೊಳೆಯ ಆಚೀಚೆ ಬಳುಕುತ್ತ ಹೋಗುವ ಹಳ್ಳಿದಾರಿಗಳಲ್ಲಿ ವೇಗ ತಾನಾಗಿಯೇ ತಗ್ಗುತ್ತದೆ. ಕಬ್ಬು ಹೊತ್ತ ಟ್ರ್ಯಾಕ್ಟರ್ ಮುಂದಿದ್ದರೆ ಹಿಂದಿನವರಿಗೆ ಬೇರೆ ದಾರಿಯಿಲ್ಲ. ಸುಗ್ಗಿ ಬಂದರೆ ಡಾಂಬರಿನ ಮೇಲೇ ಹುರುಳಿಯ ಒಕ್ಕಣೆ. ಪೊಲೀಸರು ಬೇಡವೆಂದರೂ ಹಾಯುವ ಬಸ್ಸು ಲಾರಿಗಳ ಚಕ್ರಕ್ಕೆ ಸೊಪ್ಪು ಬೀಳುತ್ತಲೇ ಇರುತ್ತದೆ. ಈ ದಾರಿಯಲ್ಲಿ ಗಂಟೆಗೆ ಎಂಬತ್ತರ ಓಟದ ಆಸೆ ಇಟ್ಟುಕೊಂಡವರಿಗೆ ಸಿಟ್ಟಷ್ಟೇ ಸಿಗುವುದು. ನಿಂತು ನಿಂತು ಹೋಗುವವರಿಗೆ ಇಷ್ಟು ಚಿಕ್ಕ ಹರವಿನಲ್ಲಿ ಇಷ್ಟೊಂದು ಸರಕಿರುವ ಜಾಗ ಮೈಸೂರು ಜಿಲ್ಲೆಯಲ್ಲಿ ಕಡಿಮೆ.

ಹಾಗೆ ನಿಂತು ಹೋಗುವ ಪ್ರವಾಸಕ್ಕೆ ಈಗ ಒಂದು ಹೊಸ ವಾಹನ ಬಂದಿದೆ. ಕ್ಯಾರವಾನ್ ಎಂದರೆ ಕನ್ನಡಿಗರ ಕಣ್ಣಿಗೆ ಬಹುಕಾಲ ಕಟ್ಟಿದ್ದು ಸಿನಿಮಾ ನಟರು ಶೂಟಿಂಗ್ ನಡುವೆ ಕೂರುವ ಎ.ಸಿ. ವಾಹನ. ಈಗ ಬೆಂಗಳೂರಿನಿಂದ ಬಾಡಿಗೆಗೆ ಹೊರಡುವ ಕ್ಯಾರವಾನ್‌ಗಳಿವೆ. ಮಂಚ, ಪುಟ್ಟ ಅಡುಗೆಕಟ್ಟೆ, ಶೌಚಾಲಯ, ನೀರಿನ ತೊಟ್ಟಿ ಎಲ್ಲ ಒಳಗೇ. ಇಂಥ ವಾಹನ ಹೇಗಿರಬೇಕೆಂದು ಹೇಳುವ ಎಐಎಸ್-124 ಎಂಬ ಕೇಂದ್ರದ ಮಾನದಂಡವೂ ಇದೆ. ಕೇರಳ 2021ರಲ್ಲಿ ‘ಕೇರವಾನ್’ ಎಂಬ ಹೆಸರಿಟ್ಟು ತನ್ನದೇ ನೀತಿ ತಂದಿತು. ಮರುವರ್ಷ ವಾಗಮಣ್‌ನಲ್ಲಿ ಮೊದಲ ಕ್ಯಾರವಾನ್ ಪಾರ್ಕ್ ತೆರೆಯಿತು. ಕರ್ನಾಟಕದ 2020ರ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನ್ ಪ್ರವಾಸಕ್ಕೊಂದು ಜಾಗ ಸಿಕ್ಕಿತು.

ಮಾತು ಕೆಡುವುದು ಇಲ್ಲಿಂದ ಮುಂದೆ. ಸರ್ಕಾರಿ ಕಡತದಲ್ಲಿ ಕ್ಯಾರವಾನ್ ಎಂದರೆ ಗಾಡಿಗೆ ಸಹಾಯಧನ, ಪಾರ್ಕಿಗೆ ಹೂಡಿಕೆದಾರ, ಪಾರ್ಕಿನ ಬಾಗಿಲಿಗೊಂದು ಕಮಾನು. ನಂಜನಗೂಡು–ನರಸೀಪುರದ ಸೀಮೆಗೆ ಬೇಕಿರುವುದು ಇದಕ್ಕಿಂತ ಅಗ್ಗದ್ದು, ಇದಕ್ಕಿಂತ ಹಳೆಯದು. ಅದಕ್ಕೆ ಕನ್ನಡದಲ್ಲಿ ಹೆಸರೂ ಇದೆ: ಬಿಡಾರ.

ಇದೇ ಸೀಮೆಯ ಮುಡುಕುತೊರೆಯ ಮಲ್ಲಿಕಾರ್ಜುನಸ್ವಾಮಿಯ ದನಗಳ ಜಾತ್ರೆಗೆ ಹೋದವರಿಗೆ ಬಿಡಾರ ಏನೆಂದು ಹೇಳಿಕೊಡಬೇಕಿಲ್ಲ. ಹಳ್ಳಿಕಾರ್ ಜೋಡಿಗಳನ್ನು ಹೊಡೆದುಕೊಂಡು ಬಂದ ರೈತರು ದಿನಗಟ್ಟಲೆ ಅಲ್ಲೇ ಉಳಿಯುತ್ತಾರೆ. ಎತ್ತಿಗೆ ಹುಲ್ಲು, ತಮಗೆ ಮುದ್ದೆ, ಮೇಲೊಂದು ಚಪ್ಪರ, ಮಗ್ಗುಲಿಗೆ ಗಾಡಿ. ಜನವರಿ–ಫೆಬ್ರುವರಿಯ ಸುತ್ತೂರು ಜಾತ್ರೆಯಲ್ಲೂ ದನಗಳ ಸಾಲು, ಕುಸ್ತಿಯ ಅಖಾಡ, ಭಜನೆ ಎಂದು ದಿನಗಳು ಉರುಳುತ್ತವೆ. ತುಸು ಆಚೆಗೆ, ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಐದು ದಿನದ ಜಾತ್ರೆಗೆ ಸಂಸಾರ ಸಮೇತ ಬಂದವರು ಬಯಲಿನಲ್ಲಿ ಬಿಡಾರ ಹೂಡಿ ಒಲೆ ಹಚ್ಚುತ್ತಾರೆ. ಹಿಂದೆ ಕಮಾನು ಕಟ್ಟಿದ ಎತ್ತಿನ ಗಾಡಿ ಇದ್ದ ಜಾಗದಲ್ಲಿ ಈಗ ಟ್ರ್ಯಾಕ್ಟರ್, ಟಾಟಾ ಏಸ್ ನಿಂತಿವೆ. ಪಾತ್ರೆ, ಸೌದೆ, ಚಾಪೆ, ಅಜ್ಜಿ, ಮೊಮ್ಮಕ್ಕಳು ಎಲ್ಲ ಒಂದೇ ವಾಹನದಲ್ಲಿ.

ಪಶ್ಚಿಮದಲ್ಲೂ ಈ ಪ್ರವಾಸ ಶುರುವಾದದ್ದು ಪ್ರಾಣಿ ಎಳೆಯುವ ಗಾಡಿಯಿಂದಲೇ. ಬ್ರಿಟಿಷ್ ನೌಕಾಪಡೆಯ ವೈದ್ಯನಾಗಿದ್ದು ಆಮೇಲೆ ಮಕ್ಕಳ ಪುಸ್ತಕ ಬರೆದ ವಿಲಿಯಂ ಗಾರ್ಡನ್ ಸ್ಟೇಬಲ್ಸ್, 1885ರಲ್ಲಿ ಬ್ರಿಸ್ಟಲ್‌ನ ಗಾಡಿ ಕಾರ್ಖಾನೆಯಲ್ಲಿ ಒಂದು ಮನೆಬಂಡಿ ಮಾಡಿಸಿಕೊಂಡ. ಹೆಸರು ‘ವಾಂಡರರ್’. ಎಳೆಯಲು ಎರಡು ಕುದುರೆ. ಸೇವಕ ಮೂರು ಗಾಲಿಯ ಸೈಕಲ್ ತುಳಿದು ಮುಂದೆ ಹೋಗಿ ದಾರಿಯ ಸುಳಿವು ಕೊಡಬೇಕು. ಹಾಗೆ ಆತ ದಕ್ಷಿಣ ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದ. ಮೋಜಿಗೆಂದೇ ಕಟ್ಟಿಸಿದ ಮೊದಲ ಕ್ಯಾರವಾನ್ ಎಂದು ಜಗತ್ತು ಇಂದಿಗೂ ನೆನೆಯುವುದು ಈ ಬಂಡಿಯನ್ನು. ಅದೇ ಕಾಲಕ್ಕೆ ಮುಡುಕುತೊರೆಗೆ ಗಾಡಿ ಕಟ್ಟಿದ್ದ ರೈತನಿಗೆ ಈ ಸುದ್ದಿ ಮುಟ್ಟಿದ್ದರೆ, ಇದರಲ್ಲೇನು ಹೊಸತು ಎಂದು ಕೇಳುತ್ತಿದ್ದನೇನೋ.

ಹೆದ್ದಾರಿಯಲ್ಲಿ ಇನ್ನೊಂದು ಬಗೆಯ ಬಿಡಾರವೂ ಇದೆ. ಬಂಡೀಪುರದ ಕಾಡಿನಲ್ಲಿ ಹಾಯುವ 766ನೇ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ನಿಷೇಧ. ಆನೆ, ಜಿಂಕೆ, ಹುಲಿ ರಸ್ತೆ ದಾಟಲೆಂದು ಮನುಷ್ಯ ಒಂಬತ್ತು ಗಂಟೆ ಕಾಯುತ್ತಾನೆ. ಹೊತ್ತು ಮೀರಿ ಬಂದ ಲಾರಿಗಳು ಗುಂಡ್ಲುಪೇಟೆಯ ಆಚೆಗಿನ ಚೆಕ್‌ಪೋಸ್ಟಿನ ಈಚೆ ಸಾಲುಗಟ್ಟುತ್ತವೆ. ಚಾಲಕ ಪಂಪ್ ಸ್ಟೌವ್ ಇಳಿಸುತ್ತಾನೆ, ಅನ್ನಕ್ಕಿಡುತ್ತಾನೆ, ಕ್ಯಾಬಿನ್ನಿನ ಹಲಗೆಯ ಮೇಲೆ ಮಲಗುತ್ತಾನೆ. ವರ್ಷದ ಬಹುಪಾಲು ಚಕ್ರದ ಮೇಲಿನ ಮನೆಯಲ್ಲಿ ಬದುಕುವವನು ಅವನು. ಕ್ಯಾರವಾನ್ ನೀತಿ ಬರೆಯುವವರಿಗೆ ಅವನ ನೆನಪಾಗುವುದಿಲ್ಲ.

ಎಡವಟ್ಟು ಇರುವುದೇ ಇಲ್ಲಿ. ಹೊಳೆದಂಡೆಯಲ್ಲಿ ಒಲೆ ಹಚ್ಚಿದ ಹಳ್ಳಿಯ ಭಕ್ತರನ್ನು ಕಂಡರೆ ಊರು ‘ಗಲೀಜು ಮಾಡುತ್ತಾರೆ’ ಎನ್ನುತ್ತದೆ. ಅದೇ ದಂಡೆಗೆ ಲಕ್ಷಗಟ್ಟಲೆ ಬೆಲೆಯ ಕ್ಯಾರವಾನ್ ಬಂದು ನಿಂತರೆ ‘ಪ್ರವಾಸೋದ್ಯಮ ಬೆಳೆಯುತ್ತಿದೆ’ ಎನ್ನುತ್ತದೆ. ಇಬ್ಬರಿಗೂ ಬೇಕಿರುವುದು ಒಂದೇ: ಕುಡಿಯುವ ನೀರು, ಶೌಚಾಲಯ, ಕೊಳೆನೀರು ಹೋಗಲು ದಾರಿ, ಒಂದಿಷ್ಟು ಮರದ ನೆರಳು, ರಾತ್ರಿ ಹೆಂಗಸರು ಅಂಜಿಕೆಯಿಲ್ಲದೆ ಓಡಾಡುವಷ್ಟು ಬೆಳಕು. ಇದನ್ನು ಒಬ್ಬರಿಗಾಗಿ ಕಟ್ಟಿ ಇನ್ನೊಬ್ಬರನ್ನು ಬೇಲಿಯಾಚೆ ನಿಲ್ಲಿಸುವ ಯೋಜನೆ ಈ ಸೀಮೆಗೆ ಬೇಡ.

ನಿಧಾನ ಪ್ರವಾಸದಿಂದ ಏನು ಸಿಗುತ್ತದೆ ಎಂಬುದಕ್ಕೆ ಸೋಮನಾಥಪುರದಿಂದಲೇ ಶುರು ಮಾಡಬಹುದು. ತಲಕಾಡು, ಸೋಮನಾಥಪುರ, ಶಿವನಸಮುದ್ರ ಮೂರನ್ನೂ ಒಂದೇ ದಿನಕ್ಕೆ ತುರುಕುವ ಪ್ರವಾಸಗಳಲ್ಲಿ 13ನೇ ಶತಮಾನದ ಈ ಕೇಶವ ದೇಗುಲಕ್ಕೆ ಸಿಗುವುದು ಒಂದು ಫೋಟೊ, ಒಂದು ಸುತ್ತು, ಒಂದು ಎಳನೀರು. ಬೇಲೂರು, ಹಳೇಬೀಡಿನ ಜೊತೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಜನರ ಕುತೂಹಲ ಹೆಚ್ಚಿದೆ. ಆದರೆ ಇಲ್ಲಿನ ವಿಶೇಷ ಅವಸರದ ಕಣ್ಣಿಗೆ ಬೀಳುವಂಥದ್ದಲ್ಲ. ಶಿಲ್ಪಿಗಳು ತಮ್ಮ ವಿಗ್ರಹಗಳ ಪೀಠದಲ್ಲಿ ಹೆಸರು ಕೊರೆದಿದ್ದಾರೆ. ಮತ್ತೆ ಮತ್ತೆ ಕಾಣುವ ಹೆಸರು ಮಲ್ಲಿತಮ್ಮ. ಬೆಳಗಿನ ಓರೆಬಿಸಿಲು ಗೋಡೆಗೆ ಬಿದ್ದಾಗ ಒಂದೊಂದಾಗಿ ಆ ಸಹಿ ಹುಡುಕುತ್ತ ಹೋದರೆ ಎರಡು ಗಂಟೆ ಸಾಲದು. ಹಿಂದಿನ ರಾತ್ರಿ ಬನ್ನೂರಿನ ಕಡೆಯಲ್ಲೋ ನರಸೀಪುರದಲ್ಲೋ ಮಲಗಿದವರಿಗಷ್ಟೇ ಆ ಬಿಸಿಲು.

ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ ನೋಡಿದವರು ಸಾವಿರಾರು ಜನ. ಏಳು ತಂತಿಯ ಪಿಟೀಲು ನುಡಿಸಿದ ಟಿ. ಚೌಡಯ್ಯನವರ ಹೆಸರಿನಲ್ಲಿರುವ ‘ಟಿ’ ಈ ತಿರುಮಕೂಡಲೇ ಎಂದು ಅವರಲ್ಲಿ ಎಷ್ಟು ಮಂದಿಗೆ ಗೊತ್ತೋ! 1895ರಲ್ಲಿ ಅವರು ಹುಟ್ಟಿದ್ದು ಸಂಗಮದ ಈ ದಂಡೆಯಲ್ಲಿ. ಇದೇ ಊರಿನ ನೆಲ ಅಗೆದಾಗ ಸಿಕ್ಕಿದ್ದು ನವಶಿಲಾಯುಗದ ಜನರ ಕುರುಹು. ಎರಡು ಹೊಳೆ ಕೂಡುವ ಕಡೆ ಬಿಡಾರ ಹೂಡಬೇಕೆಂದು ಮನುಷ್ಯನಿಗೆ ತೋಚಿದ್ದು ನಿನ್ನೆ ಮೊನ್ನೆಯ ಮಾತಲ್ಲ. ಊರಿನ ದೇವರು ಗುಂಜಾ ನರಸಿಂಹಸ್ವಾಮಿಯ ಕೈಯಲ್ಲೊಂದು ಗುಲಗಂಜಿ ಇದೆ. ಕಾಶಿಗಿಂತ ಈ ಕ್ಷೇತ್ರ ಗುಲಗಂಜಿಯಷ್ಟು ಹೆಚ್ಚಂತೆ. ಇಂಥ ಮಾತು ಕಿವಿಗೆ ಬೀಳುವುದು ಗುಡಿಯ ಜಗುಲಿಯಲ್ಲಿ ಹೊತ್ತು ಕಳೆದವರಿಗೆ.

ದಾರಿಯ ಹದಿನಾರು ಎಂಬ ಹಳ್ಳಿಯ ಕಥೆ ಇನ್ನೂ ಚೆನ್ನಾಗಿದೆ. ಯಾತ್ರೆಗೆಂದು ದೂರದಿಂದ ಬಂದ ಯದುರಾಯ, ಕೃಷ್ಣರಾಯ ಎಂಬ ಸೋದರರು ಈ ಹಳ್ಳಿಯಲ್ಲಿ ತಂಗಿ, ಕಷ್ಟದಲ್ಲಿದ್ದ ಅರಸುಮನೆಯ ಹೆಣ್ಣಿನ ನೆರವಿಗೆ ನಿಂತು, ಅಲ್ಲೇ ಸಂಬಂಧ ಬೆಳೆಸಿದರು ಎಂಬುದು ಐತಿಹ್ಯ. ಮೈಸೂರು ಒಡೆಯರ ವಂಶದ ಆರಂಭವನ್ನು 1399ಕ್ಕೆ ಹೇಳುವುದು ಈ ಕಥೆಯಿಂದ. ಒಂದು ರಾತ್ರಿ ತಂಗದೆ ಮುಂದೆ ಹೋಗಿದ್ದರೆ ಮೈಸೂರಿನ ಕಥೆ ಬೇರೆಯೇ ಆಗುತ್ತಿತ್ತು ಎಂದು ಹಳ್ಳಿಯವರು ಕೆಣಕಿದರೆ ಇಲ್ಲವೆನ್ನುವಂತಿಲ್ಲ.

ಹೊಟ್ಟೆಯ ಲೆಕ್ಕವೂ ಇದೆ. ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿ ವರ್ಷಗಳಾದವು. ಆದರೆ ಪನಾಮಾ ಸೊರಗು ರೋಗ ತೋಟಗಳನ್ನು ಒಂದೊಂದಾಗಿ ತಿಂದಿದ್ದರಿಂದ ದೇವರಸನಹಳ್ಳಿಯ ಸುತ್ತಮುತ್ತ ಹೆಸರುವಾಸಿಯಾಗಿದ್ದ ಆ ಹಣ್ಣು ಸಂತೆಯಲ್ಲಿ ಅಪರೂಪವಾಯಿತು. ನಗರದ ಅಂಗಡಿಯಲ್ಲಿ ಅದರ ಹೆಸರು ಹೇಳಿ ಬೇರೆ ಹಣ್ಣು ಕೊಡುವುದೂ ಉಂಟು. ನಿಜವಾದ ರಸಬಾಳೆಯ ಸಿಪ್ಪೆ ಹಣ್ಣಾದಂತೆ ಕಾಗದದಷ್ಟು ತೆಳುವಾಗುತ್ತದೆ. ದೂರದ ಪಯಣ ತಾಳುವ ಸರಕಲ್ಲ. ತಿನ್ನುವವರೇ ತೋಟದ ಹತ್ತಿರ ಹೋಗಬೇಕು. ಕ್ಯಾರವಾನ್ ಆಗಲಿ, ಟೆಂಪೊ ಟ್ರಾವೆಲರ್ ಆಗಲಿ, ಎರಡು ದಿನ ಒಂದೇ ಕಡೆ ನಿಂತವರು ಹಣ್ಣು, ಸೊಪ್ಪು, ಹಾಲು, ಬನ್ನೂರು ಕುರಿಯ ಬಾಡು ಎಲ್ಲವನ್ನೂ ಊರಿನಲ್ಲೇ ಕೊಳ್ಳುತ್ತಾರೆ. ಬೆಳಿಗ್ಗೆ ಮೈಸೂರು ಬಿಟ್ಟು ಸಂಜೆಗೆ ಮರಳುವ ಬಸ್ಸು ಈ ಹಳ್ಳಿಗಳಿಗೆ ಬಿಟ್ಟುಹೋಗುವುದು ಹೆಚ್ಚಾಗಿ ನೀರಿನ ಖಾಲಿ ಬಾಟಲಿ.

ಅವಸರದ ಇನ್ನೊಂದು ಮುಖವನ್ನು ಈ ರಸ್ತೆ ಬಲ್ಲದು. 2023ರ ಮೇ ತಿಂಗಳಿನಲ್ಲಿ ನರಸೀಪುರದ ಹತ್ತಿರ ಕುರುಬೂರಿನ ಬಳಿ ಕಾರಿಗೂ ಖಾಸಗಿ ಬಸ್ಸಿಗೂ ಡಿಕ್ಕಿಯಾಗಿ, ಬಳ್ಳಾರಿ ಕಡೆಯಿಂದ ಪ್ರವಾಸ ಬಂದಿದ್ದ ಕುಟುಂಬಗಳ ಹತ್ತು ಮಂದಿ ತೀರಿಕೊಂಡರು. ಒಂದು ಅಪಘಾತಕ್ಕೆ ಒಂದೇ ಕಾರಣ ಹೇಳುವುದು ತಪ್ಪು. ಆದರೆ ಎರಡು ದಿನದಲ್ಲಿ ಬೆಟ್ಟ, ಜಲಪಾತ, ಗುಡಿ, ಅರಮನೆ ಎಲ್ಲ ಮುಗಿಸಿ ಊರು ಸೇರಬೇಕೆಂಬ ಲೆಕ್ಕಾಚಾರ ಚಾಲಕನ ನಿದ್ದೆಯನ್ನು ಕದಿಯುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಸರಕು ಸಾಗಿಸುವ ಟ್ರ್ಯಾಕ್ಟರ್, ಟಾಟಾ ಏಸ್‌ಗಳಲ್ಲಿ ಜನ ತುಂಬಿಕೊಂಡು ಜಾತ್ರೆಗೆ ಹೋಗುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಬಿಡಾರದ ಸಂಸ್ಕೃತಿಯನ್ನು ಹೊಗಳುವವರು ಇದನ್ನು ಮುಚ್ಚಿಡಬಾರದು.

ಆಕ್ಷೇಪಗಳೂ ಇವೆ, ಎಲ್ಲಕ್ಕಿಂತ ಗಟ್ಟಿಯಾದದ್ದು ಕೊಳೆಯದ್ದು. ಕ್ಯಾರವಾನಿನ ಹೊಟ್ಟೆಯಲ್ಲಿ ಎರಡು ತೊಟ್ಟಿ ಇರುತ್ತವೆ. ಒಂದರಲ್ಲಿ ಪಾತ್ರೆ, ಸ್ನಾನದ ನೀರು, ಇನ್ನೊಂದರಲ್ಲಿ ಶೌಚದ್ದು. ಎರಡು ಮೂರು ದಿನಕ್ಕೊಮ್ಮೆ ಅದನ್ನು ಎಲ್ಲಾದರೂ ಖಾಲಿ ಮಾಡಲೇಬೇಕು. ಜಾಗ ತೋರಿಸದಿದ್ದರೆ ಕತ್ತಲಾದ ಮೇಲೆ ಕಾಲುವೆಯೇ ಗತಿ. ಸ್ನಾನಘಟ್ಟದ ಸೋಪು, ಬಿಟ್ಟುಹೋದ ಬಟ್ಟೆಗಳಿಂದಲೇ ಕಪಿಲೆ ಬಳಲಿದ್ದಾಳೆ. ಇದೂ ಸೇರಿದರೆ ಹೇಳುವುದೇನು? ಬೆಂಗಳೂರಿನಿಂದ ಬರುವ ಪ್ರವಾಸಿಗೆ ಒಂದು ಮಾತು ನೆನಪಿದ್ದರೆ ಸಾಕು. ಸಂಗಮದ ಕೆಳಗೆ, ಶಿವನಸಮುದ್ರದ ಆಸುಪಾಸಿನಲ್ಲೇ ರಾಜಧಾನಿಗೆ ಕಾವೇರಿ ನೀರು ಎತ್ತುವುದು. ತೊರೆಕಾಡನಹಳ್ಳಿಯಲ್ಲಿ ಅದನ್ನು ಶುದ್ಧಮಾಡಿ ಮೇಲಕ್ಕೆ ಕಳಿಸುತ್ತಾರೆ. ನಂಜನಗೂಡಿನಲ್ಲಿ ಹೊಳೆಗೆ ಬಿಟ್ಟದ್ದು ಮನೆಯ ನಲ್ಲಿಯ ದಾರಿಯನ್ನೇ ಹಿಡಿದು ಹೊರಡುತ್ತದೆ.

ಎರಡನೆಯ ಆಕ್ಷೇಪ ಪ್ರವಾಹದ್ದು. ಕೇರಳದ ವಯನಾಡಿನಲ್ಲಿ ಮಳೆ ಹಿಡಿದು ಬೀಚನಹಳ್ಳಿಯ ಕಬಿನಿ ಜಲಾಶಯದಿಂದ ನೀರು ಬಿಟ್ಟರೆ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗುತ್ತದೆ. 2019ರ ಆಗಸ್ಟಿನಲ್ಲಿ ಮಲ್ಲನಮೂಲೆಯ ಬಳಿ ಹೆದ್ದಾರಿಯ ಮೇಲೇ ನೀರು ಹರಿದು ಮೈಸೂರಿನ ಸಂಪರ್ಕ ಕಡಿದಿತ್ತು. ಇಂಥ ಹೊಳೆಯ ದಂಡೆಯಲ್ಲಿ ಕಾಂಕ್ರೀಟಿನ ಪಾರ್ಕ್ ಕಟ್ಟುವುದು ದುಡ್ಡನ್ನು ನೀರಿಗೆ ಹಾಕಿದಂತೆ. ಚಕ್ರವಿರುವ ಮನೆಯ ಲಾಭವೇ ಇಲ್ಲಿರುವುದು: ನೀರು ಏರಿದರೆ ಅದು ಹೊರಟುಹೋಗಬಲ್ಲದು. ಬಯಲು ಮಾತ್ರ ದಂಡೆಯಿಂದ ದೂರ, ಏರುನೆಲದಲ್ಲಿರಬೇಕು.

ಮೂರನೆಯದು ದುಡ್ಡಿನದು. ಬಾಡಿಗೆ ಕ್ಯಾರವಾನಿನ ಒಂದು ದಿನದ ದರ ಒಂದು ಸಾಧಾರಣ ಸಂಸಾರಕ್ಕೆ ಎಟುಕುವಂಥದ್ದಲ್ಲ. ಹಾಗಾಗಿ ಇದು ಉಳ್ಳವರ ಶೋಕಿ ಎಂಬ ದೂರು. ದೂರಿನಲ್ಲಿ ಹುರುಳಿದೆ. ತಮ್ಮದೇ ವ್ಯಾನನ್ನು ಮನೆ ಮಾಡಿಕೊಳ್ಳೋಣವೆಂದರೆ, ಅನುಮತಿಯಿಲ್ಲದೆ ವಾಹನದ ಮೂಲ ರೂಪ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡುವುದಿಲ್ಲ. ಆದ್ದರಿಂದಲೇ ಸರ್ಕಾರದ ಹಣ ಗಾಡಿಗೆ ಹೋಗಬಾರದು. ಯಾವ ಗಾಡಿ ಬಂದರೂ ತಂಗಬಲ್ಲ ಬಯಲಿಗೆ ಹೋಗಬೇಕು. ಹತ್ತು ಕ್ಯಾರವಾನಿಗೆ ಕೊಡುವ ಸಹಾಯಧನದಿಂದ ಹತ್ತು ಮನೆಯವರು ಹಿಗ್ಗುತ್ತಾರೆ. ನಲ್ಲಿ, ಶೌಚಾಲಯ ಇರುವ ಬಯಲಿಗೆ ಕಾರಿನಲ್ಲಿ ಟೆಂಟ್ ತಂದವರೂ ಬರುತ್ತಾರೆ, ಮಹದೇಶ್ವರ ಬೆಟ್ಟಕ್ಕೆ ನಡೆದು ಹೊರಟವರೂ ಬರುತ್ತಾರೆ, ಲಾರಿಯವರೂ ಬರುತ್ತಾರೆ.

ಇದಕ್ಕೆ ಮಾದರಿ ಬೇಕೆಂದರೆ ಜಪಾನ್ ಕಡೆ ನೋಡಬಹುದು. ಅಲ್ಲಿ 1993ರಲ್ಲಿ ‘ಮಿಚಿ-ನೊ-ಎಕಿ’ ಎಂಬ ದಾರಿಬದಿಯ ನಿಲ್ದಾಣಗಳು ಶುರುವಾದವು; ಇಂದು 1,200ಕ್ಕೂ ಹೆಚ್ಚಿವೆ. ಹಗಲು ರಾತ್ರಿ ತೆರೆದ ಶೌಚಾಲಯ, ಬಿಟ್ಟಿ ಪಾರ್ಕಿಂಗ್, ಪಕ್ಕದಲ್ಲೇ ಆ ಊರಿನ ರೈತರು ತಂದ ತರಕಾರಿ, ಹಣ್ಣು, ತಿಂಡಿಯ ಅಂಗಡಿ. ಹಳೇ ಮೈಸೂರಿನವರಿಗೆ ಇದೂ ಪರಕೀಯವಲ್ಲ. ದಾರಿಹೋಕರಿಗೆ ಅರವಟ್ಟಿಗೆ, ಯಾತ್ರಿಕರಿಗೆ ಛತ್ರ, ಊರ ಮುಂದಿನ ಗುಂಡುತೋಪು ಇವೆಲ್ಲ ಹಿಂದೆ ಇದೇ ಕೆಲಸ ಮಾಡಿದವು. ಗುಂಡುತೋಪು ಎಂಬ ಪದ ಕಂದಾಯದ ದಾಖಲೆಗಳಲ್ಲಿ ಇವತ್ತಿಗೂ ಉಸಿರಾಡುತ್ತಿದೆ. ಮರ ಎಷ್ಟು ಉಳಿದಿವೆ, ಒತ್ತುವರಿ ಎಷ್ಟಾಗಿದೆ ಎಂಬುದು ಊರೂರಿನ ಬೇರೆ ಬೇರೆ ಕಥೆ.

ನಾಲ್ಕೇ ಬಯಲಿನಿಂದ ಶುರು ಮಾಡಬಹುದು. ನಂಜನಗೂಡಿನಲ್ಲಿ ದಂಡೆಯಿಂದ ದೂರ ಒಂದು, ಸುತ್ತೂರು ದಾರಿಯಲ್ಲಿ ಒಂದು, ನರಸೀಪುರದ ಏರಿನಲ್ಲಿ ಒಂದು, ತಲಕಾಡು–ಸೋಮನಾಥಪುರಗಳ ನಡುವೆ ಒಂದು. ಯಜಮಾನಿಕೆ ಆಯಾ ಗ್ರಾಮ ಪಂಚಾಯಿತಿ, ಪುರಾಡಳಿತಗಳದ್ದೇ ಇರಲಿ. ಅಡುಗೆ, ಹಣ್ಣಿನ ಅಂಗಡಿ ಊರಿನ ಸ್ತ್ರೀಶಕ್ತಿ ಸಂಘಗಳಿಗೆ ಸಿಗಲಿ. ಕಸ ಒಯ್ಯಲು ಪಂಚಾಯಿತಿಯ ಸ್ವಚ್ಛ ವಾಹಿನಿ ಗಾಡಿಗಳಿವೆ. ಹಲವು ಕಡೆ ಅವನ್ನು ಹೆಂಗಸರೇ ಓಡಿಸುತ್ತಾರೆ. ಶೌಚದ ತೊಟ್ಟಿಗೆ ಒಂದು ಮುಚ್ಚಿದ ಗುಂಡಿ, ಅದನ್ನು ಖಾಲಿ ಮಾಡಲು ಪಟ್ಟಣದ ಸಕ್ಕಿಂಗ್ ಗಾಡಿ. ಕ್ಯಾರವಾನಿಗೆ ರಾತ್ರಿಗಿಷ್ಟು ಎಂದು ಶುಲ್ಕ, ನಡೆದು ಬಂದವರಿಗೆ ಬಿಟ್ಟಿ. ಹೊಳೆಗೆ ಕೊಳೆ ಬಿಟ್ಟವರಿಗೆ ಮುಲಾಜಿಲ್ಲದೆ ದಂಡ. ಅದು ಟ್ರ್ಯಾಕ್ಟರಿಗೂ ಒಂದೇ, ಕ್ಯಾರವಾನಿಗೂ ಒಂದೇ.

ಇಷ್ಟಕ್ಕೆ ಹೊಸ ಜಾಣ್ಮೆಯೇನೂ ಬೇಕಿಲ್ಲ. ನರಸೀಪುರದ ತ್ರಿವೇಣಿ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತಿದೆ. 2022ರಲ್ಲಿ ಕೋವಿಡ್ ಅಡ್ಡ ಬಂದು, 2019ರ ನಂತರದ ಮೇಳ ಕೂಡಿದ್ದು 2025ರ ಫೆಬ್ರುವರಿಯಲ್ಲಿ. ಮೂರು ದಿನದ ಆ ಜನಸಾಗರಕ್ಕಾಗಿ ಜಿಲ್ಲಾಡಳಿತ ನಲ್ಲಿ ಎಳೆಯುತ್ತದೆ, ದೀಪ ಹಾಕುತ್ತದೆ, ತಾತ್ಕಾಲಿಕ ಶೌಚಾಲಯಗಳ ಸಾಲು ನಿಲ್ಲಿಸುತ್ತದೆ, ವಾಹನಕ್ಕೆ ಬಯಲು ಗುರುತಿಸುತ್ತದೆ. ಬಿಡಾರಕ್ಕೆ ಬೇಕಾದದ್ದೆಲ್ಲ ಸಿದ್ಧವಾಗಿ, ಮೇಳ ಮುಗಿಯುತ್ತಲೇ ಕಿತ್ತುಹೋಗುತ್ತದೆ. ಲೆಕ್ಕದ ಪ್ರಕಾರ ಮುಂದಿನ ಮೇಳ 2028ಕ್ಕೆ. ಆ ಸಲ ಟೆಂಡರ್ ಬರೆಯುವಾಗಲೇ ಒಂದು ಸಾಲು ಸೇರಿಸಲಿ: ಏರುನೆಲದ ಒಂದು ಬಯಲಿನಲ್ಲಿ ನಾಲ್ಕು ನಲ್ಲಿ, ಎಂಟು ಶೌಚಾಲಯ, ಎರಡು ದೀಪದ ಕಂಬ ಮೇಳದ ನಂತರವೂ ಅಲ್ಲೇ ಉಳಿಯತಕ್ಕದ್ದು.